ಪಂಜರ, ಕಂದಕ, ಕಾಡು

ಮೃಗಾಲಯಕ್ಕೆ ಮೂರು ಅಂಗಗಳುಂಟು: ಅಲ್ಲಿರುವ ಪ್ರಾಣಿ, ಅದನ್ನು ನೋಡಲು ಬಂದ ಮನುಷ್ಯ, ಇವರಿಬ್ಬರ ನಡುವಣ ತಡೆ. ಮೊದಲಿನ ಎರಡನ್ನು ಕುರಿತು ಬೇಕಾದಷ್ಟು ಬರಹಗಳಿವೆ. ಮೂರನೆಯದರತ್ತ ನಮ್ಮ ಕಣ್ಣು ಹೋಗುವುದು ಅಪರೂಪ. ಕಂಬಿಯ ಸಂದಿನಿಂದ ಹುಲಿಯನ್ನು ನೋಡುವವನು ಕಂಬಿಯನ್ನು ನೋಡುವುದಿಲ್ಲವಷ್ಟೆ. ಆದರೆ ಮೃಗಾಲಯದ ಚರಿತ್ರೆಯೆಲ್ಲವೂ ಈ ತಡೆಯ ಚರಿತ್ರೆಯೆಂದರೆ ಅತಿಶಯೋಕ್ತಿಯಾಗಲಾರದು. ತಡೆ ಬದಲಾದಾಗಲೆಲ್ಲ ಪ್ರಾಣಿಯ ಬಾಳೂ ಬದಲಾಗಿದೆ. ಮೇಲಾಗಿ, ತಡೆಯನ್ನು ಕಟ್ಟುವ ವಿದ್ಯೆ ನಮ್ಮ ವಿದ್ಯಾರ್ಥಿಗಳು ಪ್ರೌಢಶಾಲೆಯಲ್ಲಿಯೂ ಕಾಲೇಜಿನಲ್ಲಿಯೂ ಕಲಿಯುವ ಭೌತಶಾಸ್ತ್ರವೇ ಆಗಿದೆ. ಬಸವನಗುಡಿಯ ಮಗ್ಗುಲಿನ ಲಾಲ್‌ಬಾಗಿನಿಂದ ಹೊರಟು, ಮೈಸೂರನ್ನು ಸುತ್ತಿ, ಬನ್ನೇರುಘಟ್ಟದ ಕಾಡಿನ ಅಂಚನ್ನು ಸೇರುವಷ್ಟರಲ್ಲಿ ಈ ಕಥೆಯ ಮುಖ್ಯ ಘಟ್ಟಗಳೆಲ್ಲ ನಮಗೆ ದೊರೆಯುತ್ತವೆ.

ಲಾಲ್‌ಬಾಗಿನ ಪಂಜರಗಳು

ಲಾಲ್‌ಬಾಗನ್ನು ಹೈದರ್ ಅಲಿಯು 1760ರಲ್ಲಿ ಆರಂಭಿಸಿದನೆಂಬುದನ್ನೂ, 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತೆಂಬುದನ್ನೂ ಬೆಂಗಳೂರಿನ ವಿದ್ಯಾರ್ಥಿಗಳು ಬಲ್ಲರು. ಗಿಡಮರಗಳ ಈ ತೋಟದಲ್ಲಿ 19ನೆಯ ಶತಮಾನದ ಉತ್ತರಾರ್ಧದಲ್ಲಿ ಒಂದು ಚಿಕ್ಕ ಮೃಗಾಲಯವೂ ಇದ್ದಿತೆಂಬುದು ಮಾತ್ರ ಅಷ್ಟಾಗಿ ಪ್ರಚಾರದಲ್ಲಿಲ್ಲ. ಹುಲಿ, ಕರಡಿ, ಕೋತಿ, ಬಗೆಬಗೆಯ ಹಕ್ಕಿ ಇವುಗಳನ್ನು ಅಲ್ಲಿ ಪಂಜರಗಳಲ್ಲಿರಿಸಿ ತೋರಿಸುತ್ತಿದ್ದರು. 20ನೆಯ ಶತಮಾನದ ಮೊದಲ ದಶಕಗಳಲ್ಲಿ ಅದು ಮುಚ್ಚಿಹೋಯಿತು. ಆ ಕಾಲದ ಪಾರಿವಾಳದ ಗೂಡು ಇಂದಿಗೂ ತೋಟದಲ್ಲಿ ನಿಂತಿದೆ.

ಅಂದಿನ ಪಂಜರದ ತತ್ತ್ವ ಬಹಳ ಸರಳವಾದುದು. ಪ್ರಾಣಿಯ ಬಲಕ್ಕಿಂತ ಕಬ್ಬಿಣದ ಬಲ ಹೆಚ್ಚು. ಆದಕಾರಣ ಕಬ್ಬಿಣವನ್ನು ನಡುವೆ ನಿಲ್ಲಿಸಬೇಕು. ಕಬ್ಬಿಣಕ್ಕೆ ಬೆಲೆಯುಂಟು, ಆದಕಾರಣ ಪಂಜರವು ಚಿಕ್ಕದಾಗಬೇಕು. ಚಿಕ್ಕದಾದಷ್ಟೂ ಪ್ರಾಣಿಯು ನೋಡುವವನಿಗೆ ಹತ್ತಿರವಾಗುವುದರಿಂದ ಇಬ್ಬಗೆಯ ಲಾಭ. ಈ ಲೆಕ್ಕದಲ್ಲಿ ಪ್ರಾಣಿಯ ಪಾಲಿಗೆ ಏನೂ ಉಳಿಯಲಿಲ್ಲ. ಇಕ್ಕಟ್ಟಿನಲ್ಲಿ ಬಹುಕಾಲವಿದ್ದ ಹುಲಿಯೋ ಕರಡಿಯೋ ಈ ಮೂಲೆಯಿಂದ ಆ ಮೂಲೆಗೆ, ಅದೇ ಹೆಜ್ಜೆಯಲ್ಲಿ, ಅದೇ ತಿರುವಿನಲ್ಲಿ ದಿನವಿಡೀ ಅಲೆಯುವುದನ್ನು ನೋಡಿದವರುಂಟು. ಅದನ್ನು ಗಾಂಭೀರ್ಯದ ನಡಿಗೆಯೆಂದು ಜನ ಭಾವಿಸುವುದೂ ಉಂಟು. ವಾಸ್ತವವಾಗಿ ಅದು ಬಂಧನದಿಂದ ಹುಟ್ಟಿದ ಒಂದು ವಿಕಾರವೆಂದು ಪ್ರಾಣಿವರ್ತನೆಯನ್ನು ಅಭ್ಯಾಸ ಮಾಡಿದವರು ತಿಳಿಸುತ್ತಾರೆ.

ರಾಜರ ಪ್ರಾಣಿಗಳ ಬಾಳಂತೂ ರಾಜನ ಬಾಳಿಗೆ ಕಟ್ಟುಬಿದ್ದಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಹುಲಿಗಳಿಗೆ ಆಹಾರ ಹಾಕುವವರೇ ಇಲ್ಲದಂತಾಯಿತು. ಅವನ್ನು ಯಾರಾದರೂ ಕರೆದೊಯ್ಯದಿದ್ದರೆ ಗುಂಡಿಕ್ಕಿ ಕೊಲ್ಲಿಸಬೇಕಾಗುವುದೆಂದು ಕರ್ನಲ್ ಆರ್ಥರ್ ವೆಲ್ಲೆಸ್ಲಿ ಬರೆದನು. ಪಂಜರದಲ್ಲಿರುವ ಪ್ರಾಣಿ ತನ್ನ ಆಹಾರವನ್ನು ತಾನು ಅರಸಲಾರದು. ಅದರ ಹೊಣೆಯೆಲ್ಲವೂ ಬೀಗದ ಕೈ ಹಿಡಿದವನದು ಎಂಬ ಪಾಠವನ್ನು ಈ ಪ್ರಸಂಗ ಕಲಿಸುತ್ತದೆ.

ಮೈಸೂರಿನ ತೋಟ

ನಮ್ಮ ನಾಡಿನಲ್ಲಿ ವ್ಯವಸ್ಥಿತವಾದ ಮೃಗಾಲಯದ ಆರಂಭ 1892ರಲ್ಲಿ ಆಯಿತು. ಮಹಾರಾಜ ಚಾಮರಾಜೇಂದ್ರ ಒಡೆಯರು ಆ ವರ್ಷ ಮೈಸೂರಿನಲ್ಲಿ ಸುಮಾರು 10 ಎಕರೆಗಳಲ್ಲಿ ಪ್ರಾಣಿಗಳ ತೋಟವೊಂದನ್ನು ಸ್ಥಾಪಿಸಿದರು. ಎ. ಸಿ. ಹ್ಯೂಸ್ ಎಂಬವರು ಅದರ ಮೊದಲ ಮೇಲ್ವಿಚಾರಕರು. 1902ರಲ್ಲಿ ಸಾರ್ವಜನಿಕರಿಗೆ ಪ್ರವೇಶ ದೊರೆಯಿತು. 1909ರಲ್ಲಿ ಸ್ಥಾಪಕರ ಹೆಸರನ್ನು ಅದಕ್ಕೆ ಇಡಲಾಯಿತು. ಲಾಲ್‌ಬಾಗಿನ ಮುಖ್ಯಾಧಿಕಾರಿಯಾಗಿದ್ದ ಜರ್ಮನ್ ಸಸ್ಯತಜ್ಞ ಜಿ. ಎಚ್. ಕ್ರುಂಬಿಗಲ್ಲರೇ ಈ ತೋಟದ ವಿನ್ಯಾಸದಲ್ಲಿಯೂ ಕೈಯಾಡಿಸಿದರು. ಮರದ ನೆರಳು, ಹಸಿರು, ನೀರು ಇವು ನೋಡುವವರಿಗೆ ಮಾತ್ರವಲ್ಲ, ಪ್ರಾಣಿಗಳಿಗೂ ಬೇಕಾದುವೆಂಬ ತಿಳಿವಳಿಕೆ ಇಲ್ಲಿ ಕ್ರಮೇಣ ಬೇರೂರಿತು. 1948ರಲ್ಲಿ ಮೃಗಾಲಯವು ಅರಮನೆಯಿಂದ ಸರ್ಕಾರದ ವಶಕ್ಕೆ ಬಂದಿತು. 1972ರಲ್ಲಿ ಅರಣ್ಯ ಇಲಾಖೆಯ ಅಧೀನವಾಯಿತು. 1979ರಲ್ಲಿ ಕರ್ನಾಟಕ ಮೃಗಾಲಯ ಪ್ರಾಧಿಕಾರ ರಚನೆಗೊಂಡಿತು. ಈ ಅವಧಿಯಲ್ಲಿ ತೋಟ ಬೆಳೆಯಿತು. ಕಾರಂಜಿ ಕೆರೆಯೂ ಅದಕ್ಕೆ ಸೇರಿತು. ಇಂದು ಅಲ್ಲಿನ ಹುಲಿ, ಸಿಂಹಗಳು ಕಂಬಿಯ ಹಿಂದೆ ಅಲ್ಲ, ಕಂದಕದ ಆಚೆ ಇವೆ. ಈ ಕಂದಕ ಬಂದುದೆಲ್ಲಿಂದ?

ಹಾಗೆನ್‌ಬೆಕ್‌ನ ಉಪಾಯ

ಜರ್ಮನಿಯ ಹ್ಯಾಂಬರ್ಗಿನಲ್ಲಿ ಕಾರ್ಲ್ ಹಾಗೆನ್‌ಬೆಕ್ ಎಂಬ ಪ್ರಾಣಿವ್ಯಾಪಾರಿಯೊಬ್ಬನಿದ್ದನು. ದೂರದೇಶಗಳಿಂದ ಪ್ರಾಣಿಗಳನ್ನು ತರಿಸಿ ಮಾರುವುದು ಅವನ ಕಸುಬು. ಪ್ರಾಣಿಯು ಎಷ್ಟು ದೂರ, ಎಷ್ಟು ಎತ್ತರ ನೆಗೆಯಬಲ್ಲುದೆಂಬುದನ್ನು ಅಳೆದು, ಅದಕ್ಕಿಂತ ತುಸು ಹೆಚ್ಚಿನ ಅಗಲದ ಕಂದಕವನ್ನು ತೋಡಿದರೆ ಕಂಬಿಯೇ ಬೇಡವಾಗುತ್ತದೆಂದು ಅವನು ಕಂಡುಕೊಂಡನು. 1907ರಲ್ಲಿ ಹ್ಯಾಂಬರ್ಗಿನ ಸ್ಟೆಲ್ಲಿಂಗೆನ್ ಎಂಬಲ್ಲಿ ಅವನು ತೆರೆದ ಮೃಗಾಲಯವು ಜಗತ್ತಿನ ಮೃಗಾಲಯಗಳ ರೂಪವನ್ನೇ ಬದಲಿಸಿತು. ದೂರದಿಂದ ನೋಡುವವನಿಗೆ ಕಂದಕ ಕಾಣದು; ಸಿಂಹ ಬಯಲಿನಲ್ಲಿ ನಿಂತಂತೆಯೇ ತೋರುವುದು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಪಂಜರವನ್ನು ಕಟ್ಟುವವನು ಪ್ರಾಣಿಯನ್ನು ಕುರಿತು ಏನನ್ನೂ ತಿಳಿಯಬೇಕಾಗಿಲ್ಲ. ಕಬ್ಬಿಣದ ಗಾತ್ರ ಗೊತ್ತಿದ್ದರೆ ಸಾಕು. ಕಂದಕವನ್ನು ತೋಡುವವನಾದರೋ ಪ್ರಾಣಿಯ ಚಲನೆಯನ್ನು ಚೆನ್ನಾಗಿ ತಿಳಿದಿರಲೇಬೇಕು. ತಿಳಿವಳಿಕೆ ಕಡಿಮೆಯಾದಲ್ಲಿ ಅದಕ್ಕೆ ಪ್ರಾಣವನ್ನೇ ತೆರಬೇಕಾಗುವುದು.

ಹುಲಿಯ ನೆಗೆತದ ಗಣಿತ

ನೆಲವನ್ನು ಬಿಟ್ಟ ಹುಲಿಗೂ ಎಸೆದ ಕಲ್ಲಿಗೂ ನಿಯಮ ಒಂದೇ. ಕಾಲು ನೆಲದಿಂದ ಬಿಡಿಸಿಕೊಂಡ ಮೇಲೆ ಹುಲಿಯು ತನ್ನ ದಾರಿಯನ್ನು ಬದಲಿಸಲಾರದು; ಅದರ ಗುರುತ್ವಕೇಂದ್ರವು ಪರವಲಯದಲ್ಲಿ ಸಾಗುತ್ತದೆ. ಅದರ ವೇಗವನ್ನು ಎರಡು ಭಾಗಗಳಾಗಿ ವಿಂಗಡಿಸೋಣ. ಮೇಲ್ಮುಖ ವೇಗವು ಹುಲಿ ಎಷ್ಟು ಹೊತ್ತು ಗಾಳಿಯಲ್ಲಿರುವುದೆಂಬುದನ್ನು ನಿರ್ಧರಿಸುತ್ತದೆ. ಮುಮ್ಮುಖ ವೇಗವು ಆ ಹೊತ್ತಿನಲ್ಲಿ ಎಷ್ಟು ದೂರ ಹೋಗುವುದೆಂಬುದನ್ನು ನಿರ್ಧರಿಸುತ್ತದೆ.

ಉದಾಹರಣೆಗೆ ಮೇಲ್ಮುಖ ವೇಗ ಸೆಕೆಂಡಿಗೆ 4 ಮೀಟರು ಎಂದಿಟ್ಟುಕೊಳ್ಳೋಣ. ಗುರುತ್ವ ವೇಗೋತ್ಕರ್ಷವನ್ನು 9.8 ಎಂದು ಹಿಡಿದರೆ, ಮೇಲೇರಿ ಮತ್ತೆ ಅದೇ ಮಟ್ಟಕ್ಕೆ ಇಳಿಯಲು ತಗಲುವ ಕಾಲ ಸುಮಾರು 0.82 ಸೆಕೆಂಡು. ನಿಂತಲ್ಲಿಂದ ನೆಗೆಯುವ ಹುಲಿಯ ಮುಮ್ಮುಖ ವೇಗವೂ 4 ಮೀಟರೇ ಆಗಿದ್ದರೆ ಅದು ದಾಟುವ ದೂರ ಸುಮಾರು 3.3 ಮೀಟರು. ಓಡಿಬಂದು ನೆಗೆದು, ಮುಮ್ಮುಖ ವೇಗ 8 ಮೀಟರಾದರೆ ದೂರ 6.5 ಮೀಟರಾಗುತ್ತದೆ. ಕಾಲಿನ ಬಲ ಅಷ್ಟೇ. ಓಟದಿಂದಲೇ ದೂರವು ಇಮ್ಮಡಿಯಾಯಿತು! ಆದಕಾರಣ ಕಂದಕದ ಅಂಚಿನವರೆಗೆ ಸಮತಟ್ಟಾದ ನೆಲವನ್ನು ಬಿಡುವುದು ಅಪಾಯಕರ. ಅಂಚಿನ ಬಳಿ ಬಂಡೆಗಳನ್ನಿರಿಸಿ, ಇಲ್ಲವೆ ನೆಲವನ್ನು ಇಳಿಜಾರು ಮಾಡಿ ಓಟವನ್ನು ತಪ್ಪಿಸಬೇಕು.

ಎರಡನೆಯ ಉಪಾಯವೂ ಇದೇ ಲೆಕ್ಕದಲ್ಲಿದೆ. ಸೆಕೆಂಡಿಗೆ 4 ಮೀಟರಿನಂತೆ ಮೇಲೆದ್ದ ದೇಹ ಏರಬಲ್ಲ ಎತ್ತರ ಸುಮಾರು 0.8 ಮೀಟರು ಮಾತ್ರ. ಕಂದಕದ ಹೊರದಡವನ್ನು ಒಳದಡಕ್ಕಿಂತ ಅಷ್ಟೇ ಎತ್ತರಿಸಿದೆವೆನ್ನಿ. ಆಗ ಹುಲಿಯು ತನ್ನ ಹಾದಿಯ ನೆತ್ತಿಯನ್ನು ಮುಟ್ಟುವ ವೇಳೆಗೇ, ಎಂದರೆ ಅರ್ಧ ದೂರದಲ್ಲಿಯೇ, ದಡವನ್ನು ಸೇರಿರಬೇಕಾಗುತ್ತದೆ. ಹೊರದಡದ ಒಂದು ಗೋಟು ಮಣ್ಣು ನೆಗೆತದ ವ್ಯಾಪ್ತಿಯನ್ನು ಅರ್ಧಕ್ಕಿಳಿಸಿತು. ಚಾಚಿದ ಮುಂಗಾಲುಗಳು ಈ ಲೆಕ್ಕವನ್ನು ಸ್ವಲ್ಪ ಸಡಿಲಿಸುತ್ತವೆ ಎಂಬುದನ್ನು ಮರೆಯದೆ, ಅದಕ್ಕೆ ತಕ್ಕಷ್ಟು ಅಂತರವನ್ನು ಸೇರಿಸಬೇಕು.

ಇನ್ನು ಕಂದಕದೊಳಕ್ಕೇ ಇಳಿದ ಹುಲಿಯ ಮಾತು. ಅದು ಮೇಲೇರದಿರಬೇಕಾದರೆ ಹೊರಗೋಡೆ ಎಷ್ಟು ಎತ್ತರವಿರಬೇಕು? 2007ರ ಡಿಸೆಂಬರ್ 25ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಮೃಗಾಲಯದಲ್ಲಿ ತತಿಯಾನಾ ಎಂಬ ಸೈಬೀರಿಯದ ಹುಲಿ ಹೊರಬಂದು 17 ವರ್ಷದ ಹುಡುಗನೊಬ್ಬನನ್ನು ಕೊಂದಿತು, ಇನ್ನಿಬ್ಬರು ಗಾಯಗೊಂಡರು, ಹುಲಿಯನ್ನೂ ಗುಂಡಿಕ್ಕಿ ಕೊಲ್ಲಬೇಕಾಯಿತು. ಬಳಿಕ ಅಳೆದು ನೋಡಿದಾಗ ಗೋಡೆಯ ಎತ್ತರ 3.8 ಮೀಟರು ಮಾತ್ರವಿದ್ದುದು ತಿಳಿಯಿತು. ಆ ದೇಶದ ಮೃಗಾಲಯಗಳ ಸಂಘ ಸೂಚಿಸಿದ್ದ ಎತ್ತರ 5 ಮೀಟರು. ವ್ಯತ್ಯಾಸ ಕೇವಲ 1.2 ಮೀಟರು. ಇಷ್ಟರಿಂದ ಏನಾದೀತೆಂದು ತೋರಬಹುದು. ಲೆಕ್ಕ ಹಾಕೋಣ. ಹಿಂಗಾಲಿನ ಮೇಲೆ ನಿಂತ ದೊಡ್ಡ ಹುಲಿಯ ಮುಂಗಾಲು 2.5 ಮೀಟರು ಎತ್ತರವನ್ನು ಮುಟ್ಟುವುದೆಂದು ಇಟ್ಟುಕೊಂಡರೆ, 3.8 ಮೀಟರಿನ ಗೋಡೆಯ ತುದಿಯನ್ನು ಹಿಡಿಯಲು ಅದು ತನ್ನ ದೇಹವನ್ನು 1.3 ಮೀಟರು ಎತ್ತಿದರೆ ಸಾಕು. ಇದಕ್ಕೆ ಬೇಕಾದ ವೇಗ ಸೆಕೆಂಡಿಗೆ ಸುಮಾರು 5 ಮೀಟರು. ಗೋಡೆ 5 ಮೀಟರಿದ್ದಲ್ಲಿ 2.5 ಮೀಟರು ಎತ್ತಬೇಕು. ವೇಗ ಸೆಕೆಂಡಿಗೆ 7 ಮೀಟರು ಬೇಕು. ಶಕ್ತಿಯು ವೇಗದ ವರ್ಗವನ್ನು ಅನುಸರಿಸುವುದರಿಂದ ಹುಲಿಯು ಹೆಚ್ಚುಕಡಮೆ ಎರಡರಷ್ಟು ಶಕ್ತಿಯನ್ನು ಒಂದೇ ನೆಗೆತದಲ್ಲಿ ವೆಚ್ಚ ಮಾಡಬೇಕಾಗುತ್ತದೆ. ಗೋಡೆ ಏರಿದುದು ಮೂರನೆಯ ಒಂದರಷ್ಟು ಮಾತ್ರ. ಬೇಕಾದ ಶಕ್ತಿ ಇಮ್ಮಡಿ. ಬದುಕಿಗೂ ಸಾವಿಗೂ ನಡುವೆ ಇದ್ದುದು ಈ ಸಣ್ಣ ಗುಣಾಕಾರ.

ಕಂದಕಕ್ಕೆ ನೀರನ್ನು ತುಂಬುವುದೇಕೆ? ಹುಲಿ ಚೆನ್ನಾಗಿ ಈಜಬಲ್ಲ ಪ್ರಾಣಿ. ನೀರು ಅದನ್ನು ಹೆದರಿಸದು. ಆದರೆ ನೆಗೆಯಬೇಕಾದರೆ ನೆಲವನ್ನು ಹಿಂದಕ್ಕೆ ಒದೆಯಬೇಕು. ಕಾಲಿಗೆ ನೆಲ ಸಿಕ್ಕದಷ್ಟು ಆಳವಾದ ನೀರಿನಲ್ಲಿ ನ್ಯೂಟನ್ನನ ಮೂರನೆಯ ನಿಯಮ ಹುಲಿಗೆ ಸಹಾಯ ಮಾಡುವುದಿಲ್ಲ. ಗೊರಿಲ್ಲ, ಚಿಂಪಾಂಜಿಗಳ ವಿಷಯ ಬೇರೆ. ಅವು ಸ್ವಭಾವತಃ ಈಜಲಾರವು. ನೀರು ಅವುಗಳಿಗೆ ಗೋಡೆಯೂ ಹೌದು, ಮೃತ್ಯುವೂ ಹೌದು. ಆದುದರಿಂದ ಅವುಗಳ ಕಂದಕದ ಒಳದಡವು ಮೆಲ್ಲಗೆ ಇಳಿಯುವಂತಿರಬೇಕು.

ತಡೆಯು ಎರಡು ಕಡೆಗೂ ತಡೆಯಾಗಿರಬೇಕೆಂಬುದನ್ನೂ ಹೇಳಬೇಕು. 2014ರ ಸೆಪ್ಟೆಂಬರಿನಲ್ಲಿ ದೆಹಲಿಯ ಮೃಗಾಲಯದಲ್ಲಿ ಯುವಕನೊಬ್ಬನು ಬಿಳಿಯ ಹುಲಿಯ ಕಂದಕದೊಳಕ್ಕೆ ಬಿದ್ದು ಪ್ರಾಣ ಕಳೆದುಕೊಂಡನು. ಅಲ್ಲಿ ಹುಲಿ ತನ್ನ ಎಲ್ಲೆಯನ್ನು ದಾಟಿರಲಿಲ್ಲ.

ಆನೆ ಏಕೆ ಹಾರದು?

ಹುಲಿಗೆ ಇಷ್ಟು ದೊಡ್ಡ ಕಂದಕ ಬೇಕಾದರೆ, ಅದರ ಹತ್ತಾರು ಪಟ್ಟು ತೂಕದ ಆನೆಗೆ ಇನ್ನೆಷ್ಟು ಬೇಕೆಂದು ವಿದ್ಯಾರ್ಥಿಗಳು ಕೇಳಬಹುದು. ಆನೆಗೆ ಇನ್ನೂ ಕಿರಿದಾದ ಕಂದಕ ಸಾಕು. ಏಕೆಂದರೆ ಆನೆ ಹಾರುವುದಿಲ್ಲ. ಎಷ್ಟೇ ವೇಗವಾಗಿ ನಡೆದರೂ ಅದರ ಒಂದು ಪಾದವಾದರೂ ನೆಲದ ಮೇಲೆ ಇದ್ದೇ ಇರುತ್ತದೆ. ಇದಕ್ಕೆ ಕಾರಣವನ್ನು ಗೆಲಿಲಿಯೋ 1638ರಷ್ಟು ಹಿಂದೆಯೇ ಸೂಚಿಸಿದ್ದನು. ಪ್ರಾಣಿಯೊಂದರ ಉದ್ದ, ಅಗಲ, ಎತ್ತರಗಳನ್ನು ಇಮ್ಮಡಿ ಮಾಡಿದರೆ ಅದರ ತೂಕ 8 ಪಟ್ಟಾಗುತ್ತದೆ. ಆದರೆ ತೂಕವನ್ನು ಹೊರುವ ಮೂಳೆಯ ಬಲ ಅದರ ಅಡ್ಡಕೊಯ್ತದ ವಿಸ್ತೀರ್ಣವನ್ನು ಅವಲಂಬಿಸಿದೆ. ಅದು 4 ಪಟ್ಟು ಮಾತ್ರ ಆಗುತ್ತದೆ. ಎಂದರೆ ಮೂಳೆಯ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಬೀಳುವ ಭಾರ ಇಮ್ಮಡಿ. ಆದಕಾರಣ ಆನೆಯ ಕಾಲು ಕಂಬದಂತೆ ನೆಟ್ಟಗಿದೆ. ಬಾಗಿ ಪುಟಿಯುವ ಹುಲಿಯ ಕಾಲಿನಂತಿಲ್ಲ. ಹಾರಿ ಇಳಿದರೆ ಮೂಳೆ ತಾಳಲಾರದು.

ಈ ಸತ್ಯವನ್ನೇ ನಂಬಿ ಕರ್ನಾಟಕದ ಕಾಡಂಚುಗಳಲ್ಲಿ ಅರಣ್ಯ ಇಲಾಖೆಯು ಸುಮಾರು 3 ಮೀಟರು ಅಗಲ, 3 ಮೀಟರು ಆಳದ ಆನೆ ಕಂದಕಗಳನ್ನು ತೋಡಿದೆ. ಆನೆ ಹಾರಲಾರದು, ನಿಜ, ಆದರೆ ಯೋಚಿಸಬಲ್ಲುದು. ದಡದ ಮಣ್ಣನ್ನು ಕಾಲಿನಿಂದ ಕೆಡವಿ, ಕಂದಕವನ್ನು ತುಂಬಿ, ಇಳಿದು ಹತ್ತಿಹೋದ ಆನೆಗಳುಂಟು.

ಕಾಣದ ಬೇಲಿ

ಕಂಬಿ, ಕಂದಕಗಳಲ್ಲದೆ ಕಣ್ಣಿಗೆ ಕಾಣದ ಬೇಲಿಯೂ ಒಂದುಂಟು. ಅದು ಹವೆ. ಒಂದು ಮೀಟರು ಬದಿಯ ಘನಾಕೃತಿಯಲ್ಲಿ ಘನಫಲ 1, ಮೇಲ್ಮೈ 6. ಬದಿಯನ್ನು 10 ಮಾಡಿದರೆ ಘನಫಲ 1000, ಮೇಲ್ಮೈ 600. ಪ್ರತಿ ಘನ ಮೀಟರಿನ ಪಾಲಿಗೆ ಬರುವ ಮೇಲ್ಮೈ ಹತ್ತನೆಯ ಒಂದು ಭಾಗಕ್ಕಿಳಿಯಿತು. ದೇಹದ ಶಾಖ ಹುಟ್ಟುವುದು ಒಡಲಿನಲ್ಲಿ, ಹೊರಹೋಗುವುದು ಮೇಲ್ಮೈಯಿಂದ. ಆದಕಾರಣ ದೊಡ್ಡ ದೇಹವು ಶಾಖವನ್ನು ಬೇಗ ಕಳೆದುಕೊಳ್ಳದು. ಒಂದೇ ಬಗೆಯ ಪ್ರಾಣಿಗಳಲ್ಲಿ ಚಳಿನಾಡಿನವು ಸಾಮಾನ್ಯವಾಗಿ ದೊಡ್ಡವೆಂದು ಜರ್ಮನಿಯ ಕಾರ್ಲ್ ಬರ್ಗ್‌ಮನ್ 1847ರಲ್ಲಿ ತೋರಿಸಿದನು. ಸೈಬೀರಿಯದ ಹುಲಿ ಭಾರಿಯದು. ಸುಮಾತ್ರದ ಹುಲಿ ಚಿಕ್ಕದು. ಸೆಕೆಯ ನಾಡಿನಲ್ಲಿದ್ದೂ ದೊಡ್ಡದಾಗಿರುವ ನಮ್ಮ ಆನೆಯಾದರೋ ಕಿವಿಯನ್ನು ಬೀಸಿ, ಮೈಗೆ ನೀರನ್ನೂ ಕೆಸರನ್ನೂ ಎರಚಿಕೊಂಡು ಶಾಖವನ್ನು ಕಳೆಯಬೇಕಾಗುತ್ತದೆ. ಆನೆಗೆ ಕೆರೆ ವಿಲಾಸವಲ್ಲ, ಅಗತ್ಯ.

ಫಿನ್ಲೆಂಡ್ ದೇಶದ ಉತ್ತರದಲ್ಲಿ, ಧ್ರುವವೃತ್ತದ ಸಮೀಪದಲ್ಲಿ, ರಾನುವಾ ಎಂಬ ಊರಿದೆ. 1983ರಲ್ಲಿ ಅಲ್ಲಿ ಪೈನ್, ಸ್ಪ್ರೂಸ್ ಮರಗಳ ಕಾಡಿನ ನಡುವೆಯೇ ಮೃಗಾಲಯವೊಂದು ತೆರೆಯಿತು. ಕಂದು ಕರಡಿ, ಲಿಂಕ್ಸ್, ವುಲ್ವರೀನ್, ಮೂಸ್, ಹಿಮಸಾರಂಗ, ಹಿಮಕರಡಿ ಇವೇ ಅಲ್ಲಿನ ನಿವಾಸಿಗಳು. ಬಹುಪಾಲು ಆ ನಾಡಿನವೇ ಅಥವಾ ಅಂಥ ಚಳಿಗೆ ಒಗ್ಗಿದವು. ನೋಡುವವರು ಮರದ ಹಲಗೆಯ ಹಾದಿಯ ಮೇಲೆ ಕಾಡಿನೊಳಗೆ ನಡೆದು ಹೋಗುತ್ತಾರೆ. ಅಲ್ಲಿನ ಹಿಮಕರಡಿಗೆ ಹವೆಯು ಬೇಲಿಯಲ್ಲ. ಅದೇ ಪ್ರಾಣಿಯನ್ನು ಉಷ್ಣವಲಯಕ್ಕೆ ತಂದರೆ? ಸಿಂಗಪುರದ ಮೃಗಾಲಯದಲ್ಲಿ 1990ರಲ್ಲಿ ಹುಟ್ಟಿದ ಇನೂಕಾ ಎಂಬ ಹಿಮಕರಡಿಯು ಉಷ್ಣವಲಯದಲ್ಲಿ ಜನಿಸಿದ ಮೊದಲ ಹಿಮಕರಡಿಯೆಂದು ಪ್ರಸಿದ್ಧವಾಯಿತು. ಆದರೆ ಮುಂದೆ ಹಿಮಕರಡಿಗಳನ್ನು ತರಿಸುವುದೇ ಬೇಡವೆಂದು ಆ ಮೃಗಾಲಯದವರು 2006ರಲ್ಲಿ ನಿರ್ಧರಿಸಿದರು. 2018ರಲ್ಲಿ ಇನೂಕಾ ತೀರಿಕೊಂಡಿತು. ಕಂದಕವನ್ನು ಎಲ್ಲಿ ಬೇಕಾದರೂ ತೋಡಬಹುದು. ಧ್ರುವದ ಗಾಳಿಯನ್ನು ತರಲಾಗದು. ಆಯಾ ನಾಡಿನ ಪ್ರಾಣಿಯನ್ನು ಆಯಾ ನಾಡಿನ ಕಾಡಿನಲ್ಲಿಯೇ ಇರಿಸಿ ನೋಡುವ ಪದ್ಧತಿಯೇ ಲೇಸೆಂಬುದು ಇದರಿಂದ ಸಿದ್ಧವಾಗುತ್ತದೆ.

ಬನ್ನೇರುಘಟ್ಟ

ಈ ಪದ್ಧತಿಗೆ ನಮ್ಮ ನೆರೆಯ ಉದಾಹರಣೆ ಬನ್ನೇರುಘಟ್ಟ. ಬಸವನಗುಡಿಯಿಂದ ದಕ್ಷಿಣಕ್ಕೆ ಸುಮಾರು 20 ಕಿಲೋಮೀಟರಿನಲ್ಲಿರುವ ಈ ಕಾಡಿನ ಅಂಚಿನಲ್ಲಿ 1970ರ ದಶಕದ ಆರಂಭದಲ್ಲಿ ಚಿಕ್ಕ ಮೃಗಾಲಯವೊಂದು ಹುಟ್ಟಿತು. 1974ರಲ್ಲಿ ಕಾಡನ್ನು ರಾಷ್ಟ್ರೀಯ ಉದ್ಯಾನವೆಂದು ಸಾರಲಾಯಿತು. 2002ರಲ್ಲಿ ಸುಮಾರು 730 ಹೆಕ್ಟೇರುಗಳ ಭಾಗವನ್ನು ಬೇರ್ಪಡಿಸಿ ಜೈವಿಕ ಉದ್ಯಾನವನ್ನು ರೂಪಿಸಲಾಯಿತು.

ಇಲ್ಲಿನ ಸಫಾರಿಯಲ್ಲಿ ತಡೆಯು ತಿರುಗುಮುರುಗಾಗಿದೆ. ಹುಲಿ, ಸಿಂಹ, ಕರಡಿಗಳು ಮರಗಳ ನಡುವೆ ಅಡ್ಡಾಡುತ್ತವೆ. ನೋಡುವವರು ಸರಳು ಹಾಕಿದ ಬಸ್ಸಿನಲ್ಲಿ ಕುಳಿತಿರುತ್ತಾರೆ. ಲಾಲ್‌ಬಾಗಿನ ಪಂಜರದೊಳಕ್ಕೆ ಈಗ ಮನುಷ್ಯನೇ ಪ್ರವೇಶಿಸಿದನೆನ್ನಬಹುದು. ಆದರೂ ಹೆಮ್ಮೆಪಡುವ ಮುನ್ನ ಒಂದು ಹೋಲಿಕೆಯನ್ನು ಮಾಡಬೇಕು. 1992ರಲ್ಲಿ ಸ್ಥಾಪಿತವಾದ ಕೇಂದ್ರ ಮೃಗಾಲಯ ಪ್ರಾಧಿಕಾರದ ನಿಯಮದಂತೆ ಜೋಡಿ ಹುಲಿಗಳಿಗೆ ಕನಿಷ್ಠ 1000 ಚದರ ಮೀಟರು ಬಯಲಿರಬೇಕು. ನಾಗರಹೊಳೆಯಂಥ ಸಮೃದ್ಧ ಕಾಡಿನಲ್ಲಿ ಒಂದು ಹೆಣ್ಣುಹುಲಿಯ ಸರಹದ್ದು ಹತ್ತಿಪ್ಪತ್ತು ಚದರ ಕಿಲೋಮೀಟರು. ಕನಿಷ್ಠ ಬಯಲು ಇದರ ಹತ್ತು ಸಾವಿರದ ಒಂದು ಭಾಗವೂ ಅಷ್ಟೇನೆ!

ಹಾಗಾದರೆ ಇಂಥ ಉದ್ಯಾನದ ಪ್ರಯೋಜನವೇನು? ಕಾಡಿಗೆ ಮರಳಲಾರದ ಪ್ರಾಣಿಗಳಿಗೆ ಇದು ಆಶ್ರಯ. ಹುಲಿ, ಸಿಂಹ, ಚಿರತೆ, ಕರಡಿ, ಕೋತಿಗಳನ್ನು ಆಟದ ಪ್ರದರ್ಶನಗಳಿಗೆ ಬಳಸಬಾರದೆಂದು ಕೇಂದ್ರ ಸರ್ಕಾರ 1998ರಲ್ಲಿ ಆಜ್ಞೆ ಹೊರಡಿಸಿದ ಮೇಲೆ ಸರ್ಕಸ್ಸುಗಳಿಂದ ಬಿಡಿಸಿ ತಂದ ಸಿಂಹ, ಹುಲಿಗಳಿಗೆ ಇಲ್ಲಿ ನೆಲೆ ದೊರೆಯಿತು. ಮೂಗುದಾರ ಹಾಕಿ ಬೀದಿಯಲ್ಲಿ ಕುಣಿಸುತ್ತಿದ್ದ ಕರಡಿಗಳಿಗೂ ಇಲ್ಲಿಯೇ ಆಶ್ರಯಧಾಮವಾಯಿತು. ಆದರೆ ಒಟ್ಟಿಗಿರಿಸಿದ ಪ್ರಾಣಿಗಳಿಗೆ ಅಪಾಯವೂ ಒಟ್ಟಿಗೇ ಬರುತ್ತದೆ. 2023ರಲ್ಲಿ ಇಲ್ಲಿನ 7 ಚಿರತೆ ಮರಿಗಳು ಬೆಕ್ಕಿನ ಜಾತಿಯನ್ನು ಕಾಡುವ ವೈರಸ್ ರೋಗದಿಂದ ಸತ್ತವು. ಹುಲಿಯನ್ನು ತಡೆಯುವ ಕಂದಕ ವೈರಸ್ಸನ್ನು ತಡೆಯದು; ಅಲ್ಲಿ ಲಸಿಕೆ, ಶುಚಿತ್ವ, ನಿರಂತರ ಎಚ್ಚರ ಇವೇ ಗೋಡೆ.

ಕಾಡಿಗೇ ಕಂದಕ

ಇಲ್ಲಿಗೆ ನಮ್ಮ ಕಥೆ ಮುಗಿಯಬೇಕಾಗಿತ್ತು. ಆದರೆ ಉದ್ಯಾನದ ಬೇಲಿಯ ಆಚೆಗೆ ನೋಡಿದರೆ ಹೊಸ ಪ್ರಶ್ನೆಯೊಂದು ಏಳುತ್ತದೆ. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ ಸುಮಾರು 260 ಚದರ ಕಿಲೋಮೀಟರು. ಉದ್ದಕ್ಕೆ ಚಾಚಿಕೊಂಡ ಈ ಕಾಡು ದಕ್ಷಿಣದಲ್ಲಿ ಕಾವೇರಿ ವನ್ಯಧಾಮದ ಕಡೆಗೂ, ತಮಿಳುನಾಡಿನ ಹೊಸೂರು ಭಾಗದ ಕಾಡುಗಳ ಕಡೆಗೂ ಸಾಗುತ್ತದೆ. ಆನೆಗಳು ಈ ದಾರಿಯಲ್ಲಿಯೇ ಬಂದುಹೋಗುತ್ತವೆ. ಉತ್ತರದಿಂದ ಬೆಂಗಳೂರು ಬೆಳೆದು ಕಾಡಿನ ಅಂಚನ್ನು ಮುಟ್ಟಿದೆ. ಕಾಡಿನ ಸುತ್ತ ಕಾಪಾಡಬೇಕಾದ ಸೂಕ್ಷ್ಮ ವಲಯವು 2016ರ ಕರಡು ಅಧಿಸೂಚನೆಯಲ್ಲಿ 268.96 ಚದರ ಕಿಲೋಮೀಟರಿದ್ದುದು 2020ರ ಅಂತಿಮ ಅಧಿಸೂಚನೆಯಲ್ಲಿ 168.84ಕ್ಕೆ ಇಳಿಯಿತು.

ಕಾಡಂಚಿನ ರೈತನ ಕಷ್ಟವನ್ನು ಕಡೆಗಣಿಸುವಂತಿಲ್ಲ. ಒಂದು ರಾತ್ರಿಯಲ್ಲಿ ರಾಗಿಯ ಹೊಲ ಹಾಳಾದರೆ ಅವನ ವರ್ಷದ ಅನ್ನವೇ ಹೋಗುತ್ತದೆ. ಅದಕ್ಕಾಗಿ ಕಂದಕ, ಸೌರ ವಿದ್ಯುತ್ತಿನ ಬೇಲಿ, ಹಳೆಯ ರೈಲುಕಂಬಿಯ ಬೇಲಿ ಇವು ಬಂದಿವೆ. 2018ರ ಡಿಸೆಂಬರಿನಲ್ಲಿ ನಾಗರಹೊಳೆಯ ವೀರನಹೊಸಹಳ್ಳಿಯ ಬಳಿ ರೈಲುಕಂಬಿಯ ಬೇಲಿಯನ್ನು ದಾಟಲೆಳಸಿದ ಸಲಗವೊಂದು ಅದರ ಮೇಲೆಯೇ ಸಿಕ್ಕಿಬಿದ್ದು ಸತ್ತಿತು. ಕಾಡಿಗೆ ಮರಳುವ ದಾರಿ ಅದಕ್ಕೆ ಬೇಕಾಗಿತ್ತು. ನಡುವೆ ಇದ್ದುದು ಬಗ್ಗದ ಉಕ್ಕು.

ಮೃಗಾಲಯದಲ್ಲಿ ನಾವು ಪಂಜರವನ್ನು ಬಿಟ್ಟು ಕಂದಕಕ್ಕೂ, ಕಂದಕವನ್ನು ಬಿಟ್ಟು ತೆರೆದ ಕಾಡಿಗೂ ನಡೆದು ಬಂದೆವು. ಆದರೆ ಕಾಡಿನ ವಿಷಯದಲ್ಲಿ ನಡಿಗೆ ವಿರುದ್ಧ ದಿಕ್ಕಿನಲ್ಲಿದೆ. ಎಲ್ಲ ಕಡೆಯಿಂದಲೂ ಬೇಲಿ ಕಟ್ಟಿದ ಕಾಡು ಒಂದು ದೊಡ್ಡ ಆವರಣವೇ ಹೊರತು ಬೇರೆಯಲ್ಲ. ಅದರೊಳಗಿನ ಪ್ರಾಣಿಗಳಿಗೆ ಮೇವು ತೀರಿದಾಗ ಬೇರೆಡೆಗೆ ಹೋಗಲು ಬಾರದು. ಹೊರಗಿನ ಹಿಂಡುಗಳೊಡನೆ ಕೂಡಲು ಬಾರದು. ಆಗ ಅವುಗಳ ಮೇವು, ನೀರು, ಔಷಧ, ಸಂತಾನ ಎಲ್ಲದರ ಹೊಣೆಯೂ, ಶ್ರೀರಂಗಪಟ್ಟಣದ ಹುಲಿಗಳ ಕಾಲದಲ್ಲಿದ್ದಂತೆ, ಬೀಗದ ಕೈ ಹಿಡಿದವರ ಮೇಲೆ ಬೀಳುವುದು. ಆದುದರಿಂದ ಬೇಲಿಯು ಹೊಲದ ಸುತ್ತ ಇರಬೇಕೇ, ಕಾಡಿನ ಸುತ್ತ ಇರಬೇಕೇ, ಆನೆಯ ದಾರಿಯನ್ನು ಎಲ್ಲಿ ತೆರೆದಿಡಬೇಕು ಎಂಬುದನ್ನು ಮೊದಲು ನಿರ್ಧರಿಸಿ, ಆಮೇಲೆ ಅಗಲ, ಆಳಗಳ ಲೆಕ್ಕಕ್ಕೆ ಕೈಹಾಕುವುದು ವಿವೇಕ. ಮುಂದೆ ಎಂಜಿನಿಯರುಗಳೋ, ಅರಣ್ಯಾಧಿಕಾರಿಗಳೋ, ಪಶುವೈದ್ಯರೋ ಆಗಲಿರುವ ನಮ್ಮ ವಿದ್ಯಾರ್ಥಿಗಳ ಪಾಲಿಗೆ ಈ ನಿರ್ಧಾರವು ಬಹುಬೇಗ ಬರಲಿದೆ.